ಸೇವೆಯ ಹೆಸರಿನಲ್ಲಿ ದುಡಿಮೆಯನ್ನು ಮರೆಸದಿರಲಿ

ಆಶಾ ಕಾರ್ಯಕರ್ತೆಯರನ್ನು ತಾಯಿಯ ಸ್ಥಾನದಲ್ಲಿಟ್ಟು ಕೊಂಡಾಡಿ, ಅವರು ನಿಶ್ಚಿತ ವೇತನ ಕೇಳುವುದರಿಂದ ಸೇವೆಯ ಪಾವಿತ್ರ್ಯ ಕೆಡುತ್ತದೆ ಎಂದು ಈಚೆಗೆ ಪ್ರಕಟವಾದ ಲೇಖನವೊಂದು ಹೂಡಿರುವ ವಾದದಲ್ಲಿ ಹೊಗಳಿಕೆ ಸತ್ಯ, ತೀರ್ಮಾನ ಅನ್ಯಾಯ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಯಾ ಊರಿನ ಮಹಿಳೆಯನ್ನೇ ಆಶಾ ಎಂಬ ಆರೋಗ್ಯ ಕಾರ್ಯಕರ್ತೆಯಾಗಿ ಆಯ್ದುಕೊಂಡಾಗ, ಆಕೆಯನ್ನು ನೌಕರಳೆಂದು ಪರಿಗಣಿಸದೆ ಸ್ವಯಂಸೇವಕಿಯೆಂದು ಗುರುತಿಸಿತು. ಆದ್ದರಿಂದ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ, ಅಂದರೆ ಮಾಡಿದ ಒಂದೊಂದು ಕೆಲಸಕ್ಕೂ ಲೆಕ್ಕ ಹಾಕಿ ಕೊಡುವ ಹಣ.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯ ಬಳಿಗೆ ಆಶಾ 3, 7, 14, 21, 28 ಮತ್ತು 42ನೆಯ ದಿನಗಳಂದು ಹೋಗಿ, ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ಮಲಗಿಸಿ, ತೂಕದ ಮುಳ್ಳು ನಿಲ್ಲುವವರೆಗೆ ಕಾದು, ಮೈಬಿಸಿ ಅಳೆದು, ಹೊಕ್ಕುಳು ಒಣಗಿದೆಯೇ ಎಂದು ಪರೀಕ್ಷಿಸಿ, ಮೊಲೆಹಾಲು ಬಿಟ್ಟ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಲು ಹಿಂಜರಿಯುವ ಮನೆಯ ಹಿರಿಯರನ್ನು ಒಪ್ಪಿಸಬೇಕು. ದಿನ ತಪ್ಪಿಸುವಂತಿಲ್ಲದ, ಪ್ರತಿ ಭೇಟಿಯನ್ನೂ ದಾಖಲಿಸಲೇಬೇಕಾದ ಈ ದುಡಿಮೆ ಬಿಡುವಿನ ವೇಳೆಯ ಸೇವೆಯಾಗುವುದು ಹೇಗೆ? 1975ರಿಂದ ನಡೆದುಬಂದಿರುವ ಅಂಗನವಾಡಿಯ ಕಾರ್ಯಕರ್ತೆಯರೂ ಇದೇ ಗೌರವಧನದ ಕಟ್ಟಿಗೆ ಸಿಕ್ಕವರು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರೆಂದು ಪುರಸ್ಕರಿಸಿದ್ದನ್ನು ಲೇಖನವು ಹೆಮ್ಮೆಯಿಂದ ನೆನೆದಿರುವುದು ಸರಿಯೇ. ಆದರೆ ಅದೇ ಹೆಂಗಸರು ಊರೂರಿನಿಂದ ಒಗ್ಗೂಡಿ ಬಂದು, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು, ಸರ್ಕಾರದೊಡನೆ ಮಾತುಕತೆಗೆ ಪಟ್ಟು ಹಿಡಿದದ್ದು ಕೂಡ ನಾಯಕತ್ವವೇ ಎಂಬುದನ್ನು ಅದು ಕಾಣದೆ ಹೋಗಿದೆ.