ಮನೆಯಂಗಳಕ್ಕೆ ಬರಬೇಕಾದ ನೆರವು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಹಾದಿಯಲ್ಲಿ ಮಿಡಿಗೇಶಿಯ ದುರ್ಗವನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಆ ಬೆಟ್ಟದ ಆಸುಪಾಸಿನ ಯಾವುದೋ ಒಂದು ಹಳ್ಳಿಯಲ್ಲಿ, ಮೂರು ವರ್ಷ ತುಂಬಿದ ಮಗುವೊಂದು ಮಾತಾಡದೆ, ಹೆಸರು ಹಿಡಿದು ಕರೆದರೂ ತಿರುಗಿ ನೋಡದೆ, ಬಸ್ಸಿನ ಹಾರನ್ನು ಕೇಳಿದೊಡನೆ ಕಿವಿ ಮುಚ್ಚಿಕೊಂಡು ಚೀರುವುದೆಂದು ಎಣಿಸೋಣ. ಅದರ ತಾಯಿಗೆ ವೈದ್ಯರ ಸಲಹೆಗಿಂತ ಮುಂಚಿತವಾಗಿ ದೊರೆಯುವುದು ನೆರೆಹೊರೆಯವರ ನಿಂದೆ. ಹಟಮಾರಿಯೆಂದು ಕೆಲವರು, ಗ್ರಹಚಾರವೆಂದು ಕೆಲವರು, ಮುದ್ದಿನಿಂದ ಕೆಡಿಸಿದಳೆಂದು ಮಿಕ್ಕವರು. ಇದು ಆಟಿಸಂ ಎಂಬ ಸ್ಥಿತಿ, ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆ ಬೇರೆ ಬಗೆಯಾಗಿರುವುದರ ಫಲ, ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ ಎಂದು ಆಕೆಗೆ ಹೇಳುವವರು ಯಾರು?

ಕಾನೂನು ಇಲ್ಲವೆಂದು ನಾವು ದೂರುತ್ತಿಲ್ಲ. ಅಂಗವಿಕಲರನ್ನು ಕುರಿತ 1995ರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಹೆಸರಿಸಿತು. 2016ರ ಕಾಯಿದೆಯು ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿ, ಆಟಿಸಮ್ಮಿನೊಡನೆ ಓದುಬರಹದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. (ಒಂದೆಡೆ ನಿಲ್ಲಲಾರದ, ಗಮನವಿಡಲಾರದ ಎ.ಡಿ.ಎಚ್.ಡಿ.ಯ ಮಕ್ಕಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಇನ್ನೂ ದೊರೆತಿಲ್ಲ.) ಅಂಗನವಾಡಿಗೂ ಶಾಲೆಗೂ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಮೊದಲಾಯಿತು. ಇವೆಲ್ಲವೂ ಶ್ಲಾಘ್ಯವೇ. ಆದರೆ ಅಲೆದಲೆದು ಪಡೆದ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ, ಅಂದಿನ ಸಂಜೆ ಆ ಮಗುವಿಗೆ ಉಣಿಸುವ ಬಗೆ ಹೇಗೆ, ಅದರ ಚೀರಾಟದ ಕಾರಣವನ್ನು ಅರಿಯುವ ಬಗೆ ಹೇಗೆ ಎಂಬ ಪ್ರಶ್ನೆಗಳಿಗೆ ಆ ಕಾಗದವು ಉತ್ತರ ಹೇಳಬಲ್ಲುದೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನು ಮಗುವಿನೊಡನೆಯೇ ವಾರ್ಡಿನಲ್ಲಿ ಇರಿಸಿಕೊಂಡು, ಆಕೆಗೆ ಕಲಿಸಿ ಕಳುಹಿಸುವ ಪದ್ಧತಿಯುಂಟು. ಮಿಡಿಗೇಶಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಗಿಲು. ಕಡಲೆಕಾಯಿಯನ್ನೂ ರಾಗಿಯನ್ನೂ ಮಳೆಯನ್ನು ನಂಬಿ ಬಿತ್ತುವ ಮನೆಯವರು ಒಮ್ಮೆ ಹೋಗಿ ಬಂದಾರು. ಹದಿನೈದು ದಿನಕ್ಕೊಮ್ಮೆ ಹೋಗಲು ಕೂಲಿಯನ್ನೂ ಹೊಲವನ್ನೂ ಬಿಡಬೇಕಾಗುವುದು. ನಗರದ ಸ್ಥಿತಿವಂತರಾದರೋ ತಮ್ಮ ಮಗುವಿಗೆಂದೇ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು, ಮಗುವಿಗೂ ಮನೆಯವರಿಗೂ ವಾರವಾರ ಪಾಠ ಹೇಳಿಸುತ್ತಾರೆ. ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಅದೇ ನೆರವು ಬಡವನ ಮನೆಗೆ ಬಾರದಿರುವುದೇ ನಮ್ಮ ಆಕ್ಷೇಪಣೆ.

ಇದು ಆಗದ ಮಾತೆಂದು ಅಧಿಕಾರಿಗಳು ತಲೆಯಾಡಿಸುವ ಮೊದಲು, ಗೋವೆಯಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ ನಡೆದ ಒಂದು ಪ್ರಯೋಗವನ್ನು ಅವಲೋಕಿಸಲಿ. ಅದರ ವರದಿ 2016ರಲ್ಲಿ ಪ್ರಕಟವಾಯಿತು. ಆಟಿಸಂ ಇರುವ 65 ಮಕ್ಕಳನ್ನು ಆರಿಸಿ, ಅವರಲ್ಲಿ ಒಂದು ಪಾಲಿನವರ ತಾಯ್ತಂದೆಗಳಿಗೆ ಆರು ತಿಂಗಳಲ್ಲಿ ಹನ್ನೆರಡು ಸಲ ಪಾಠ ಹೇಳಲಾಯಿತು. ಹೇಳಿದವರು ತಜ್ಞವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿಯೂ ಮಗುವೂ ಆಡುವುದನ್ನು ಚಿತ್ರೀಕರಿಸಿ, ಆ ಚಿತ್ರವನ್ನು ತಾಯಿಗೇ ತೋರಿಸಿ, ಮಗುವಿನ ಕಣ್ಣು ಯಾವುದರ ಮೇಲಿದೆಯೋ ಅದನ್ನೇ ಕುರಿತು ಮಾತಾಡಬೇಕೆಂದೂ, ಮಾತಾಡಿ ಸ್ವಲ್ಪ ಕಾಯಬೇಕೆಂದೂ ಕಲಿಸುವುದು ಅವರ ಕ್ರಮ. ಮಗು ತಟ್ಟೆಯನ್ನು ನೋಡಿದರೆ ತಾಯಿಯೂ ತಟ್ಟೆಯ ಮಾತನ್ನೇ ಆಡುವಳು. ಗಿಣಿಪಾಠ ಒಪ್ಪಿಸೆಂದು ಬಲವಂತಮಾಡಳು. ಕಡೆಯಲ್ಲಿ ತಾಯ್ತಂದೆಗಳು ಮಕ್ಕಳಿಗೆ ಹೊಂದಿ ನಡೆಯುವುದು ಹೆಚ್ಚಿತು; ಮಕ್ಕಳೂ ತಾವಾಗಿ ತಾಯ್ತಂದೆಗಳ ಕಡೆಗೆ ತಿರುಗುವುದು ಹೆಚ್ಚಿತು. ಆಟಿಸಂ ಹೋಗಿಬಿಟ್ಟಿತೆಂದು ಆ ವರದಿ ಹೇಳುವುದಿಲ್ಲ. ಹಾಗೆ ಹೇಳಿ ಹಣ ಕೀಳುವವರನ್ನು ನಮ್ಮ ಜನ ದೂರವಿಡುವುದೇ ಲೇಸು.

ನಮ್ಮ ರಾಜ್ಯದಲ್ಲಿ ಈ ಕಾರ್ಯಕ್ಕೆ ತಕ್ಕ ಜನರು ಇಲ್ಲವೆ? ಗ್ರಾಮಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತರಿದ್ದಾರೆ. ಸಾಮಾನ್ಯವಾಗಿ ಇವರೂ ಅಂಗವಿಕಲರೇ ಆದುದರಿಂದ, ಆ ಮನೆಗಳ ಸಂಕಟವನ್ನು ಯಾರೂ ಇವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಲ್ಪ ಗೌರವಧನಕ್ಕೆ ದುಡಿಯುವ ಇವರಿಂದ ಅರ್ಜಿ ಬರೆಸುವುದರಲ್ಲಿಯೂ ಸಮೀಕ್ಷೆ ಮಾಡಿಸುವುದರಲ್ಲಿಯೂ ಕಾಲ ಕಳೆಸುವುದು ವಿವೇಕವೆನಿಸದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಪ್ರಯೋಗಕ್ಕೆ ಇದಕ್ಕಿಂತ ಅನುಕೂಲವಾದ ಕ್ಷೇತ್ರ ಯಾವುದು? ಕಾರ್ಯಕರ್ತರಲ್ಲಿ ಕೆಲವರನ್ನಾದರೂ ಆರಿಸಿ ನಿಮ್ಹಾನ್ಸಿನವರಿಂದಾಗಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರಿಂದಾಗಲಿ ತರಬೇತಿ ಕೊಡಿಸಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗುವಂತೆ ಏರ್ಪಡಿಸತಕ್ಕದ್ದು. ತರಬೇತಿ ಕೊಟ್ಟು ಕೈಬಿಟ್ಟರೆ ಸಾಲದು. ಸಂದೇಹ ಬಂದಾಗ ಕೇಳಲು ತಜ್ಞರೊಬ್ಬರು ಅವರಿಗೆ ದೊರೆಯುವಂತಿರಬೇಕು. ಗೌರವಧನ ಹೆಚ್ಚಬೇಕು, ಪ್ರಯಾಣಭತ್ಯವೂ ದೊರೆಯಬೇಕು; ಬರಿಗೈಯಲ್ಲಿ ಹಳ್ಳಿ ತಿರುಗೆನ್ನುವುದು ನ್ಯಾಯವಲ್ಲ.

ಉಪಾಧ್ಯಾಯರ ವಿಷಯವಾಗಿಯೂ ಒಂದು ಮಾತು. ಅಕ್ಷರಗಳು ಕಣ್ಣಮುಂದೆ ಕಲಸಿಹೋಗುವ ಹುಡುಗನನ್ನು ಸೋಮಾರಿಯೆಂದು ಬೆಂಚಿನ ಮೇಲೆ ನಿಲ್ಲಿಸುವುದು ಇನ್ನಾದರೂ ನಿಲ್ಲಲಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅಂಥವನಿಗೆ ಹೆಚ್ಚಿನ ಕಾಲಾವಕಾಶವೂ ಬರೆದುಕೊಡುವವರ ಸಹಾಯವೂ ಉಂಟೆಂಬುದನ್ನು ಹಳ್ಳಿಯ ತಂದೆಗೆ ಮುಖ್ಯೋಪಾಧ್ಯಾಯರಲ್ಲದೆ ಮತ್ತಾರು ತಿಳಿಸಬೇಕು?

ಕೊನೆಯದಾಗಿ, ಪಾವಗಡದ ಕಡೆಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು. ಕನ್ನಡದ ಮೇಲಣ ನಮ್ಮ ಅಭಿಮಾನ ಯಾರಿಗೂ ಕಡಿಮೆಯಾದುದಲ್ಲ. ಆದರೂ ಮಾತೇ ಮೂಡದ ಮಗುವಿಗೆ ಮೊದಲ ಮಾತು ತಾಯಿಯ ನುಡಿಯಲ್ಲಿಯೇ ಬರತಕ್ಕುದಾದ ಕಾರಣ, ಆ ಊರುಗಳಿಗೆ ತೆಲುಗು ಬಲ್ಲ ಕಾರ್ಯಕರ್ತರನ್ನೇ ಕಳುಹಿಸಬೇಕೆಂದು ಅಧಿಕಾರಿಗಳಲ್ಲಿ ನಮ್ಮ ಬಿನ್ನಹ.