ಪರಿಚಯಪುಟಕ್ಕೆ ವಿಶೇಷಣಗಳೇಕೆ?

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವುದು ಸಭ್ಯತೆಯಲ್ಲವೆಂದು ನಮ್ಮ ಹಿರಿಯರ ಭಾವನೆ. ಲಿಂಕ್ಡ್‌ಇನ್‌ನಂತಹ ಉದ್ಯೋಗಜಾಲದಲ್ಲಿ ತಮ್ಮ ಪರಿಚಯಪುಟವನ್ನು ಬರೆಯಲು ಕುಳಿತ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಈ ಸಂಕೋಚದಿಂದಲೇ ಪುಟವನ್ನು ಬರಿದಾಗಿ ಬಿಡುತ್ತಾರೆ. ಮತ್ತೆ ಕೆಲವರು ‘ಪರಿಶ್ರಮಿ, ಉತ್ಸಾಹಿ, ನಾಯಕತ್ವಗುಣಸಂಪನ್ನ’ ಎಂಬ ವಿಶೇಷಣಗಳನ್ನು ಎಲ್ಲಿಂದಲೋ ನಕಲು ಮಾಡಿ ತುಂಬಿಸುತ್ತಾರೆ. ಇವೆರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಗಣಿತದ ಆಧಾರವೂ ಉಂಟು.

2003ರ ಮೇ ತಿಂಗಳಿನಲ್ಲಿ ಪ್ರಾರಂಭವಾದ ಈ ಜಾಲದ ಸದಸ್ಯರ ಸಂಖ್ಯೆಯು 2023ರಲ್ಲಿ 100 ಕೋಟಿಯನ್ನು ದಾಟಿತು. ಇಷ್ಟು ಪುಟಗಳನ್ನು ಯಾವ ಉದ್ಯೋಗದಾತನೂ ಒಂದೊಂದಾಗಿ ಓದಲಾರ. ಅವನು ತನಗೆ ಬೇಕಾದ ಪದಗಳನ್ನು ಕೊಡುತ್ತಾನೆ. ಗಣಕಯಂತ್ರವು ಅವಕ್ಕೆ ಹೊಂದುವ ಪುಟಗಳನ್ನು ಆರಿಸಿ ಸಾಲಾಗಿ ನಿಲ್ಲಿಸುತ್ತದೆ. ಇಂತಹ ಶೋಧನೆಗೆ ಸಂಬಂಧಿಸಿದ ಒಂದು ಮುಖ್ಯ ತತ್ತ್ವವನ್ನು 1972ರಲ್ಲಿ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿಯು ಮಂಡಿಸಿದರು. ಒಂದು ಪದವು ಎಷ್ಟು ಹೆಚ್ಚು ಬರಹಗಳಲ್ಲಿ ಕಂಡುಬರುವುದೋ, ಆ ಬರಹಗಳನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ ಅದರ ಬೆಲೆ ಅಷ್ಟು ಕಡಮೆ ಎಂಬುದೇ ಆ ತತ್ತ್ವ.

ಇದನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಟ್ಟು 1,00,000 ಪುಟಗಳಿವೆಯೆಂದೂ, ‘ಪರಿಶ್ರಮಿ’ ಎಂಬ ಪದವು ಅವುಗಳಲ್ಲಿ 50,000 ಪುಟಗಳಲ್ಲಿದೆಯೆಂದೂ, ‘ಫ್ಲೋರೈಡ್ ಮಾಪನ’ ಎಂಬುದು ಕೇವಲ 100 ಪುಟಗಳಲ್ಲಿದೆಯೆಂದೂ ಭಾವಿಸಿ. ಒಟ್ಟು ಸಂಖ್ಯೆಯನ್ನು ಪದವಿರುವ ಪುಟಗಳ ಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧದ ಲಾಗರಿದಮ್ಮನ್ನು ಆ ಪದದ ತೂಕವೆಂದು ಎಣಿಸುವುದು ವಾಡಿಕೆ. ಹತ್ತನ್ನು ಆಧಾರವಾಗಿಟ್ಟುಕೊಂಡರೆ ಮೊದಲನೆಯದರ ತೂಕ ಸುಮಾರು 0.3, ಎರಡನೆಯದರ ತೂಕ 3. ಅಂದರೆ ಹತ್ತು ಪಟ್ಟು! ಇಂದಿನ ಶೋಧನಯಂತ್ರಗಳು ಇದಲ್ಲದೆ ಬೇರೆ ಅನೇಕ ಅಂಶಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ನಿಜ. ಆದರೂ ಎಲ್ಲರೂ ಹೇಳಿಕೊಳ್ಳುವ ಮಾತು ಯಾರನ್ನೂ ಗುರುತಿಸಲಾರದು ಎಂಬ ಮಾತು ಹಾಗೆಯೇ ಉಳಿಯುತ್ತದೆ.

ಚಿತ್ರದುರ್ಗದ ಕಡೆಯ ಒಬ್ಬ ರಸಾಯನಶಾಸ್ತ್ರದ ವಿದ್ಯಾರ್ಥಿನಿ ತನ್ನ ಊರಿನ 18 ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡನ್ನು ಅಳೆದಿದ್ದಾಳೆಂದು ಇಟ್ಟುಕೊಳ್ಳಿ. ಆಕೆ ತನ್ನನ್ನು ‘ಪರಿಶ್ರಮಿ’ ಎಂದು ಕರೆದುಕೊಂಡರೆ ಓದುಗನಿಗೆ ತಿಳಿಯುವುದೇನೂ ಇಲ್ಲ. ಎಷ್ಟು ಬಾವಿಗಳು, ಯಾವ ಉಪಕರಣ, ಎಷ್ಟು ಮಾದರಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿತ್ತು ಎಂದು ಬರೆದರೆ ಪರಿಶ್ರಮವು ತಾನಾಗಿಯೇ ಕಾಣುತ್ತದೆ. ಇದು ಆತ್ಮಪ್ರಶಂಸೆಯಲ್ಲ, ಪ್ರಯೋಗಶಾಲೆಯ ದಾಖಲೆಪುಸ್ತಕದಲ್ಲಿ ಬರೆಯುವಂತಹ ವರದಿ. ಈ ಸಾರಾಂಶವು ಹೆಸರಿನ ಕೆಳಗಿನ ಮೊದಲ ಸಾಲಿನಲ್ಲಿಯೇ ಇರಲಿ. ನಮ್ಮ ದೇಶದ ಉದ್ಯೋಗದಾತರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹುಡುಕುವುದರಿಂದ ಉಪಕರಣ ಮತ್ತು ವಿಧಾನಗಳ ಹೆಸರುಗಳು ಆ ಭಾಷೆಯಲ್ಲಿಯೂ ಇರುವುದು ಲೇಸು.

ಪುಟದಷ್ಟೇ ಪರಿಚಯಗಳೂ ಮುಖ್ಯ. ಆಪ್ತಮಿತ್ರರಿಗಿಂತ ದೂರದ ಪರಿಚಿತರೇ ಉದ್ಯೋಗದ ಹೊಸ ಸುದ್ದಿಯನ್ನು ತರುವುದು ಹೆಚ್ಚೆಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆಯಷ್ಟೆ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಸದಸ್ಯರನ್ನು ಒಳಗೊಂಡ ಪ್ರಯೋಗಗಳ ಫಲಿತಾಂಶವು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರ ಆಪ್ತವೂ ಅಲ್ಲದ, ತೀರ ದುರ್ಬಲವೂ ಅಲ್ಲದ ಸಂಬಂಧಗಳೇ ಉದ್ಯೋಗ ಬದಲಾವಣೆಗೆ ಅತ್ಯಂತ ನೆರವಾದುವೆಂದು ಅದರಿಂದ ತಿಳಿದುಬಂದಿತು. ಬೆಂಗಳೂರಿನಲ್ಲಿ ಬಂಧುಬಳಗವಿಲ್ಲದ ಹಳ್ಳಿಯ ವಿದ್ಯಾರ್ಥಿಗೆ ಇದಕ್ಕಿಂತ ಆಶಾದಾಯಕವಾದ ಸಂಗತಿ ಮತ್ತೊಂದಿಲ್ಲ. ತನ್ನ ಕಾಲೇಜಿನಿಂದ ನಾಲ್ಕಾರು ವರ್ಷ ಮೊದಲು ಹೊರಬಿದ್ದವರಿಗೆ ಆತ ವಿನಯದಿಂದ ಎರಡು ಸಾಲು ಬರೆಯಬಹುದು. ಕೆಲಸ ಕೊಡಿಸಿರೆಂದು ಮೊದಲೇ ಕೇಳದೆ, ಅವರ ಕೆಲಸದ ಸ್ವರೂಪವನ್ನು ವಿಚಾರಿಸುವುದು ಉಚಿತ.

ಕಲಿಯದ ವಿದ್ಯೆಯ ಹೆಸರನ್ನು ಸೇರಿಸಿದರೂ ಯಂತ್ರವು ಪುಟವನ್ನು ಮುಂದೆ ತರುವುದಲ್ಲವೆ ಎಂದು ಯಾರಾದರೂ ಕೇಳಬಹುದು. ತರಬಹುದು. ಆದರೆ ಸಂದರ್ಶನದಲ್ಲಿ ಪ್ರಶ್ನಿಸುವವನು ಮನುಷ್ಯ; ಎರಡನೆಯ ಪ್ರಶ್ನೆಗೇ ಸುಳ್ಳು ಹೊರಬೀಳುತ್ತದೆ, ಜೊತೆಗೆ ನಿಜವಾಗಿ ಕಲಿತದ್ದರ ಮೇಲೂ ಸಂಶಯ ಹುಟ್ಟುತ್ತದೆ. ಇನ್ನೊಂದು ಎಚ್ಚರಿಕೆ: ಉದ್ಯೋಗದ ಆಸೆ ತೋರಿಸಿ ಮುಂಗಡ ಹಣ ಕೇಳುವ ವಂಚಕರೂ ಇಂತಹ ಜಾಲಗಳಲ್ಲಿ ಸುಳಿಯುತ್ತಾರೆ. ಅಂಥವರಿಗೆ ಒಂದು ಕಾಸನ್ನೂ ಕೊಡತಕ್ಕದ್ದಲ್ಲ.

ಈ ಜಾಲಕ್ಕೆ ಸೇರಲು 16 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಅವಸರಪಡಬೇಕಾಗಿಲ್ಲ. ಮಾಡಿದ ಪ್ರಯೋಗ, ಕಟ್ಟಿದ ಯಂತ್ರ, ಓದಿದ ಗ್ರಂಥ ಇವುಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬರಲಿ. ಹಾಗೆ ಬರೆದಿಡಲು ಏನೂ ಇಲ್ಲವೆನಿಸಿದರೆ, ಮೊದಲು ಮಾಡಬೇಕಾದ ಕೆಲಸ ಯಾವುದೆಂಬುದೂ ಆಗಲೇ ತಿಳಿಯುತ್ತದೆ.