ಅಜ್ಜನ ಕಾರು, ಮೊಮ್ಮಗಳ ಕಿವಿ

ಮಕ್ಕಳೇ, ಹೋದ ತಿಂಗಳು ನಾನೊಂದು ತಪ್ಪು ಮಾಡಿದೆ. ಮೊಮ್ಮಗಳ ಮಾತು ನಂಬಲಿಲ್ಲ.

ಹಾನಗಲ್ಲಿನ ನಮ್ಮ ಮನೆಯಲ್ಲಿ 1984ರ ಅಂಬಾಸಿಡರ್ ಕಾರಿದೆ. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತುಹೋಯಿತು. ಇಂಗ್ಲೆಂಡಿನ ಮೊದಮೊದಲ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿಗೂ ನಮ್ಮ ಮುದುಕನಿಗೂ ಇದ್ದದ್ದು ಒಂದೇ ಮನೆತನದ 1489 ಸಿ.ಸಿ. ಇಂಜಿನ್. ಎರಡರಲ್ಲೂ ಇಂಜಿನ್ ಮುಂದೆ, ಕಾರನ್ನು ಓಡಿಸುವ ಗಾಲಿಗಳು ಹಿಂದೆ.

ಹಿರೇಕೆರೂರಿಗೆ, ಮಗಳ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಡುವುದಿತ್ತು. ಅದಕ್ಕೂ ಒಂದು ವಾರ ಮೊದಲು, ಹಿಂದಿನ ಸೀಟಿನಲ್ಲಿ ಕೂತಿದ್ದ ಮೊಮ್ಮಗಳು, "ಅಜ್ಜಾ, ಸೀಟಿನ ಕೆಳಗ ಏನೋ ಕುಂಯ್ ಅಂತೈತಿ" ಅಂದಳು. ನನಗೇನೂ ಕೇಳಿಸಲಿಲ್ಲ. "ಗಾಳಿ ಸಪ್ಪಳ ಬಿಡವ್ವಾ" ಅಂದೆ. ಮರುದಿನವೂ ಅದೇ ಮಾತು. ಮೂರನೆಯ ದಿನ ಕಾರು ಓಡಿಸಿದ ಮಗನೂ "ಹೌದಪ್ಪಾ, ಸಪ್ಪಳ ಐತಿ" ಅಂದ.

ಸೀಟಿನ ಕೆಳಗಿರುವುದು ಡಿಫರೆನ್ಷಿಯಲ್. ಅದೇನು ಅಂತೀರಾ? ಹಂತಿ ಹೊಡೆಯುವುದನ್ನು ನಿಮ್ಮ ಅಜ್ಜ ಅಜ್ಜಿ ನೋಡಿರುತ್ತಾರೆ, ಕೇಳಿ. ಮೇಟಿಯ ಹತ್ತಿರದ ಎತ್ತು ಸಣ್ಣ ಹೆಜ್ಜೆ ಹಾಕುತ್ತದೆ, ಹೊರಗಿನ ಎತ್ತು ಬೇಗ ಬೇಗ ನಡೆಯಬೇಕು. ಕಾರು ತಿರುಗುವಾಗಲೂ ಹಾಗೆಯೇ. ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು. ಎರಡಕ್ಕೂ ಬೇರೆ ಬೇರೆ ವೇಗ ಕೊಡುವುದು ಈ ಡಿಫರೆನ್ಷಿಯಲ್. ಇಂಜಿನ್ನಿನಿಂದ ಬಂದ ಉದ್ದನೆಯ ಶಾಫ್ಟಿನ ತುದಿಯ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರ, ಕ್ರೌನ್ ಎಂಬ ದೊಡ್ಡ ಚಕ್ರವನ್ನು ಅಲ್ಲಿಯೇ ತಿರುಗಿಸುತ್ತದೆ.

ಸಪ್ಪಳ ಎಲ್ಲಿಂದ ಎಂದು ತಿಳಿಯಲು ಮೊದಲು ಅದು ಯಾವಾಗ ಬರುತ್ತದೆ ಎಂದು ನೋಡಬೇಕು. ಮೊಮ್ಮಗಳ ಕೈಗೆ ನೋಟ್‌ಬುಕ್ ಕೊಟ್ಟೆ. ಮಗ ಓಡಿಸಿದ. ಶಿಗ್ಗಾವಿ ಮೇಲೆ ಹಾಯ್ದು ಸವಣೂರಿಗೆ ಹೋಗಿ, ಖಾರಾ ಕಟ್ಟಿಸಿಕೊಂಡು ಬಂದೆವು. ಅವಳು ಬರೆದದ್ದು ಇಷ್ಟು:

ಎಕ್ಸಲೇಟರ್ ಒತ್ತಿದರೆ ಕುಂಯ್. ಕಾಲು ತೆಗೆದರೆ ಇಲ್ಲ.
ಎಡಕ್ಕೆ, ಬಲಕ್ಕೆ ತಿರುಗಿದರೂ ವ್ಯತ್ಯಾಸ ಇಲ್ಲ.
ಒರಟು ರಸ್ತೆಯಲ್ಲೂ ನುಣುಪು ರಸ್ತೆಯಲ್ಲೂ ಅದೇ ದನಿ.

ರಸ್ತೆ ಬದಲಾದಾಗ ದನಿ ಬದಲಾಗಿದ್ದರೆ ಟೈರಿನ ಮೇಲೆ ಅನುಮಾನ. ಗಾಲಿಯ ಬೇರಿಂಗ್ ಕೆಟ್ಟಿದ್ದರೆ, ಭಾರ ಒಂದು ಬದಿಗೆ ವಾಲಿದಾಗ, ಅಂದರೆ ತಿರುವಿನಲ್ಲಿ, ಗುರ್ ಎನ್ನುವುದು ಹೆಚ್ಚುಕಡಿಮೆ ಆಗುತ್ತದೆ. ಎಕ್ಸಲೇಟರ್ ಒತ್ತಿದಾಗ ಮಾತ್ರ ಬರುವ ಕುಂಯ್ ಸಾಮಾನ್ಯವಾಗಿ ಕ್ರೌನ್ ಮತ್ತು ಪಿನಿಯನ್‌ಗಳದ್ದು.

ಮೆಕ್ಯಾನಿಕ್ ನೋಟ್‌ಬುಕ್ ಓದಿ ನಕ್ಕರು. "ಅಜ್ಜಾರ, ಅರ್ಧ ಕೆಲಸ ಈ ಹುಡುಗಿನ ಮಾಡ್ಯಾಳ್ರಿ" ಅಂದರು. ಬಿರಡೆ ಬಿಚ್ಚಿ ಬೆರಳು ಹಾಕಿದರೆ ಎಣ್ಣೆ ತಗಲಲಿಲ್ಲ. ಪಿನಿಯನ್ನಿನ ಆಯಿಲ್ ಸೀಲ್ ಹರಿದು, ಎಣ್ಣೆ ಹನಿಹನಿಯಾಗಿ ಸೋರಿಹೋಗಿತ್ತು. ಎಣ್ಣೆ ಪೂರ್ತಿ ಬತ್ತಿದರೆ ಹಲ್ಲುಗಳು ಕಾದು ಕಚ್ಚಿಕೊಳ್ಳುತ್ತವೆ. ಓಡುವ ಕಾರಿನ ಹಿಂದಿನ ಗಾಲಿಗಳು ಗಪ್ಪನೆ ನಿಂತುಬಿಡಬಹುದು. ಹಿರೇಕೆರೂರಿನ ದಾರಿಯಲ್ಲಿ ಹಾಗಾಗಿದ್ದರೆ? ಕಾರಿನ ತುಂಬ ಮನೆಮಂದಿ ಇರುತ್ತಿದ್ದರು.

ಹೊಸ ಸೀಲ್ ಹಾಕಿಸಿ, 90 ನಂಬರಿನ ಗೇರ್ ಆಯಿಲ್ ತುಂಬಿಸಿದೆವು. ಸವೆದ ಹಲ್ಲು ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಸಪ್ಪಳ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಹಿರೇಕೆರೂರಿಗೆ ಬಸ್ಸಿನಲ್ಲಿ ಹೋಗಿ ಬಂದೆವು.

ಇನ್ನು ನನ್ನ ಕಿವಿಯ ಸುದ್ದಿ. ವಯಸ್ಸಾದಂತೆ ಮೊದಲು ಕಿವಿಯಿಂದ ಜಾರುವುದು ಇಂಥ ಸಣ್ಣ, ಚೂಪು ದನಿಗಳೇ. ಲಾರಿಯ ಗುಡುಗುಡು ಕೇಳುತ್ತದೆ, ಕುಂಯ್ ಕೇಳುವುದಿಲ್ಲ. ಅದಕ್ಕೇ ನನ್ನ ಕಿವಿ ನೆಟ್ಟಗಿದೆ ಎಂದೇ ತಿಳಿದಿದ್ದೆ. ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಈಗ ಕಿವಿಗೆ ಮಷೀನು ಬಂದಿದೆ. ಮೊನ್ನೆ ಮೊಮ್ಮಗಳ ಪಕ್ಕದಲ್ಲಿ ಹಿಂದಿನ ಸೀಟಿನಲ್ಲಿ ಕೂತೆ. "ಕೇಳ್ತೇನಜ್ಜಾ?" ಅಂದಳು. ಕೇಳಿತು!

ಈ ವಾರದ ಕೆಲಸ: ಅಜ್ಜ ಅಜ್ಜಿಯ ಜೊತೆ ಹತ್ತು ನಿಮಿಷ ಸುಮ್ಮನೆ ಕೂತು, ಮನೆಯಲ್ಲಿ ಕೇಳುವ ಸಪ್ಪಳಗಳನ್ನು ಬೇರೆ ಬೇರೆ ಬರೆಯಿರಿ. ಆಮೇಲೆ ಎರಡೂ ಪಟ್ಟಿ ಹೋಲಿಸಿ ನೋಡಿ. ಅಜ್ಜಂದಿರೇ, ಮಕ್ಕಳು ಕೇಳಿತು ಎಂದರೆ ಗಾಳಿ ಸಪ್ಪಳ ಅನ್ನಬೇಡಿ.